ತಾರಸಿಯ ಮೇಲೆ ಕಾರು ಓಡಿಸಿದ ಕಾರ್ಖಾನೆ: ಟ್ಯೂರಿನ್ನಿನ ಲಿಂಗೊಟ್ಟೊ

ಉತ್ತರ ಇಟಲಿಯ ಟ್ಯೂರಿನ್ ನಗರದ ದಕ್ಷಿಣ ಭಾಗದಲ್ಲಿ, ನಿಜ್ಜಾ ರಸ್ತೆಗೂ ರೈಲು ಹಳಿಗಳಿಗೂ ನಡುವೆ, ಅರ್ಧ ಕಿಲೋಮೀಟರ್ ಉದ್ದದ ಐದು ಮಹಡಿಯ ಕಾಂಕ್ರೀಟ್ ಕಟ್ಟಡವೊಂದಿದೆ. ಹೆಸರು ಲಿಂಗೊಟ್ಟೊ. ಫಿಯಟ್ ಕಂಪನಿ ಕಾರು ತಯಾರಿಸಲೆಂದು ಕಟ್ಟಿಸಿದ ಈ ಕಾರ್ಖಾನೆಯ ನಿರ್ಮಾಣ ಶುರುವಾದದ್ದು 1916ರಲ್ಲಿ, ಬೀಗ ಬಿದ್ದದ್ದು 1982ರಲ್ಲಿ. ಆಮೇಲೆ ಅದನ್ನು ಕೆಡವಲಿಲ್ಲ. ಇವತ್ತು ಅದರೊಳಗೆ ಹೋಟೆಲು, ಸಂಗೀತ ಸಭಾಂಗಣ, ಎಂಜಿನಿಯರಿಂಗ್ ತರಗತಿ, ಅಂಗಡಿ ಸಾಲು, ಸಿನಿಮಾ ಮಂದಿರ, ಚಿತ್ರಶಾಲೆ ಎಲ್ಲವೂ ಇವೆ. ಹಳೆಯ ಕಾರ್ಖಾನೆಯನ್ನು ಹೊಸ ಕೆಲಸಕ್ಕೆ ಹೊಂದಿಸಿಕೊಳ್ಳುವುದು ಹೇಗೆ ಎಂದು ಕೇಳುವವರಿಗೆ ಯುರೋಪಿನಲ್ಲಿ ಮೊದಲು ತೋರಿಸುವ ಉದಾಹರಣೆಗಳಲ್ಲಿ ಇದೂ ಒಂದು.

ಫಿಯಟ್ ಹುಟ್ಟಿದ್ದು 1899ರ ಜುಲೈನಲ್ಲಿ, ಟ್ಯೂರಿನ್ನಿನಲ್ಲೇ. ಸ್ಥಾಪಕರಲ್ಲಿ ಒಬ್ಬರಾದ ಜೊವಾನಿ ಆನ್ಯೆಲ್ಲಿ ಕುದುರೆ ಪಡೆಯ ಅಧಿಕಾರಿಯಾಗಿದ್ದವರು. ಕೆಲವೇ ವರ್ಷಗಳಲ್ಲಿ ಕಂಪನಿಯ ಹಿಡಿತ ಅವರ ಕೈಗೆ ಬಂತು. ನಗರದ ಕೊರ್ಸೊ ದಾಂತೆಯಲ್ಲಿದ್ದ ಮೊದಲ ಕಾರ್ಖಾನೆಯಲ್ಲಿ ನುರಿತ ಕೆಲಸಗಾರರು ಒಂದೊಂದೇ ಕಾರನ್ನು ಕೈಯಾರೆ ಜೋಡಿಸುತ್ತಿದ್ದರು, ಅದನ್ನು ಶ್ರೀಮಂತರು ಕೊಳ್ಳುತ್ತಿದ್ದರು. ಅಮೆರಿಕಕ್ಕೆ ಹೋಗಿ ಹೆನ್ರಿ ಫೋರ್ಡರ ಕಾರ್ಖಾನೆ ನೋಡಿಬಂದ ಆನ್ಯೆಲ್ಲಿಯವರಿಗೆ ಕಾರು ಎಂಬುದು ಇನ್ನು ಸಾವಿರಗಟ್ಟಲೆ ತಯಾರಾಗುವ ಸರಕು ಎಂಬುದು ಮನವರಿಕೆಯಾಗಿತ್ತು. ಮೊದಲ ಮಹಾಯುದ್ಧ ಆ ಲೆಕ್ಕಾಚಾರಕ್ಕೆ ಬೇಕಾದ ಹಣ ಒದಗಿಸಿತು. ಸೈನ್ಯಕ್ಕೆ ಲಾರಿ, ವಿಮಾನದ ಎಂಜಿನ್, ಶಸ್ತ್ರಾಸ್ತ್ರ ಪೂರೈಸುತ್ತಾ ಫಿಯಟ್ಟಿನ ಕಾರ್ಮಿಕರ ಸಂಖ್ಯೆ ಸುಮಾರು 4,000ದಿಂದ 40,000ಕ್ಕೆ ಏರಿತು. ಯುದ್ಧ ಇನ್ನೂ ನಡೆಯುತ್ತಿರುವಾಗಲೇ ಊರಾಚೆಯ ಹೊಲಗಳ ನಡುವೆ ಹೊಸ ಕಾರ್ಖಾನೆಯ ಪಾಯ ತೋಡುವ ಕೆಲಸ ಶುರುವಾಯಿತು.

ನಕ್ಷೆ ಹಾಕಿದವರು ಜಾಕೊಮೊ ಮತ್ತೆ ತ್ರುಕ್ಕೊ ಎಂಬ ಎಂಜಿನಿಯರು. ಅವರ ಮುಂದಿದ್ದ ಮಾದರಿ ಡೆಟ್ರಾಯಿಟ್ ಬಳಿಯ ಹೈಲ್ಯಾಂಡ್ ಪಾರ್ಕ್. ಆಲ್ಬರ್ಟ್ ಕಾನ್ ಫೋರ್ಡಿಗಾಗಿ ಕಟ್ಟಿದ, 1910ರಲ್ಲಿ ತೆರೆದ ಆ ಬಹುಮಹಡಿ ಕಾರ್ಖಾನೆಯಲ್ಲಿ ಸಾಮಗ್ರಿಯನ್ನು ಮೊದಲು ಮೇಲಕ್ಕೆ ಎತ್ತಿ, ಕೆಲಸ ಆಗುತ್ತಾ ಆಗುತ್ತಾ ಕೆಳಗಿಳಿಸುತ್ತಿದ್ದರು. ಸಿದ್ಧವಾದ ಕಾರು ನೆಲಮಟ್ಟದಲ್ಲಿ ಹೊರಬರುತ್ತಿತ್ತು. ಮತ್ತೆ ತ್ರುಕ್ಕೊ ಈ ದಿಕ್ಕನ್ನೇ ತಿರುಗಿಸಿದರು. ಲಿಂಗೊಟ್ಟೊದಲ್ಲಿ ಕಬ್ಬಿಣವೂ ಬಿಡಿಭಾಗಗಳೂ ರೈಲಿನಲ್ಲಿ ಬಂದು ನೆಲಮಹಡಿಯಲ್ಲಿ ಇಳಿಯುತ್ತಿದ್ದವು. ಅಲ್ಲಿಂದ ಮಹಡಿ ಮಹಡಿ ಹತ್ತುತ್ತಾ ಕಾರು ರೂಪ ಪಡೆಯುತ್ತಿತ್ತು. ಪೂರ್ತಿಯಾದ ಕಾರು ತಾರಸಿಗೆ ಬಂದು, ಅಲ್ಲಿ ಬಯಲಿನಲ್ಲಿ ಓಡಿ, ಪರೀಕ್ಷೆಯಲ್ಲಿ ಪಾಸಾದ ಮೇಲೆ ಕೆಳಗಿಳಿಯುತ್ತಿತ್ತು.

ಕಟ್ಟಡದ ಮೈಕಟ್ಟು ಮೇಲ್ನೋಟಕ್ಕೆ ಸರಳ. 507 ಮೀಟರ್ ಉದ್ದದ, 24 ಮೀಟರ್ ಅಗಲದ ಎರಡು ನೀಳ ಕಟ್ಟಡಗಳು ಅಕ್ಕಪಕ್ಕ ನಿಂತಿವೆ. ಅವನ್ನು ಅಡ್ಡ ಕಟ್ಟಡಗಳು ಅಲ್ಲಲ್ಲಿ ಬೆಸೆದಿರುವುದರಿಂದ ನಡುವೆ ನಾಲ್ಕು ಅಂಗಳಗಳು ಉಳಿದಿವೆ. ಮೆಟ್ಟಿಲು, ಲಿಫ್ಟು, ಶೌಚಾಲಯ ಇವೆಲ್ಲ ಆ ಅಡ್ಡ ಕಟ್ಟಡಗಳ ಪಾಲು. ಉದ್ದನೆಯ ಹಜಾರಗಳು ಹೀಗಾಗಿ ಪೂರ್ತಿಯಾಗಿ ಯಂತ್ರಗಳಿಗೇ ಮೀಸಲು. ಒಳಗೆ ಆರು ಮೀಟರಿಗೊಂದು ಕಂಬ, ಉದ್ದಕ್ಕೂ ಅಡ್ಡಕ್ಕೂ ಅದೇ ಅಳತೆ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ. ಕಂಬ, ತೊಲೆ, ಚಪ್ಪಡಿ ಎಲ್ಲವೂ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು. ಫ್ರಾನ್ಸಿನ ಎನ್ಬಿಕ್ ರೂಢಿಗೆ ತಂದ ಈ ವಿಧಾನಕ್ಕೆ ಇಟಲಿಯಲ್ಲಿ ಏಜೆಂಟರಾಗಿದ್ದವರು ಟ್ಯೂರಿನ್ನಿನ ಪೊರ್ಕೆದ್ದು ಕಂಪನಿಯವರು. ಕಾಂಕ್ರೀಟ್ ಕೆಲಸ ಅವರದೇ. ಭಾರವಾದ ಯಂತ್ರಗಳನ್ನು ನಾಲ್ಕನೆಯ ಮಹಡಿಯಲ್ಲೂ ಕೂರಿಸಬೇಕಿತ್ತು, ಬೆಂಕಿಯ ಭಯ ಇರಬಾರದಿತ್ತು, ಹಗಲು ಬೆಳಕು ಒಳಗಿನ ಕೆಲಸಗಾರನ ಕೈವರೆಗೂ ಬರಬೇಕಿತ್ತು. ಭಾರವನ್ನು ಕಂಬಗಳೇ ಹೊರುವುದರಿಂದ ಕಂಬಗಳ ನಡುವಿನ ಗೋಡೆಯ ಜಾಗವೆಲ್ಲ ಕಿಟಕಿಯಾಯಿತು. ಹೊರಗಿನಿಂದ ನೋಡುವವರಿಗೆ ಕಾಣುವುದು ಇದೇ: ಚೌಕಟ್ಟು, ಗಾಜು, ಚೌಕಟ್ಟು, ಗಾಜು, ಅರ್ಧ ಕಿಲೋಮೀಟರ್ ಉದ್ದಕ್ಕೆ.

ಲಿಂಗೊಟ್ಟೊದ ಹೆಸರು ಜಗತ್ತಿಗೆ ಗೊತ್ತಾದದ್ದು ಮಾತ್ರ ತಾರಸಿಯಿಂದ. ಎರಡು ನೀಳ ಕಟ್ಟಡಗಳ ನೆತ್ತಿಯ ಮೇಲೆ ಎರಡು ನೇರ ರಸ್ತೆ. ಎರಡೂ ತುದಿಯಲ್ಲಿ ಅವನ್ನು ಕೂಡಿಸುವ ಅರ್ಧವೃತ್ತದ ತಿರುವು. ಎಲ್ಲ ಸೇರಿದರೆ ಒಂದು ಸುತ್ತು ಒಂದು ಕಿಲೋಮೀಟರಿಗಿಂತ ಹೆಚ್ಚು. ವೇಗವಾಗಿ ಬಂದ ಕಾರು ತಿರುವಿನಲ್ಲಿ ಹೊರಕ್ಕೆ ಎಸೆಯಲ್ಪಡಬಾರದೆಂದು ರಸ್ತೆಯ ಹೊರ ಅಂಚನ್ನು ಬಾಣಲೆಯ ಅಂಚಿನಂತೆ ಮೇಲಕ್ಕೆ ಬಾಗಿಸಿದ್ದಾರೆ. 1923ರಲ್ಲಿ ದೊರೆ ಮೂರನೆಯ ವಿಟ್ಟೋರಿಯೊ ಇಮ್ಯಾನುಯೆಲೆ ಬಂದು ಕಾರ್ಖಾನೆಯನ್ನು ಉದ್ಘಾಟಿಸಿದಾಗ ಓಟದ ಹಾದಿ ಸಿದ್ಧವಿತ್ತು. ಕಾರು ತನ್ನ ಗಾಲಿಗಳ ಮೇಲೆಯೇ ಮೇಲಕ್ಕೂ ಕೆಳಕ್ಕೂ ಓಡಾಡುವ ಸುರುಳಿ ದಾರಿಗಳು, ಉತ್ತರದ ತುದಿಗೊಂದು ದಕ್ಷಿಣದ ತುದಿಗೊಂದು, ಪೂರ್ತಿಯಾದದ್ದು ಅದಾದ ಮೇಲೆ, 1920ರ ದಶಕದ ನಡುವಿನಲ್ಲಿ. ಈ ಸುರುಳಿಯ ಕೆಳಗೆ ನಿಂತು ಕತ್ತೆತ್ತಿದರೆ ಮೇಲಿನ ಸುತ್ತಿನ ತಳಭಾಗ ಕಾಣುತ್ತದೆ. ನಡುವಿನಿಂದ ಹೊರಟ ತೆಳು ತೊಲೆಗಳು ಅಂಚಿನವರೆಗೆ ಬಿಚ್ಚಿಕೊಂಡಿವೆ. ಯಾವ ಭಾರ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬುದನ್ನು ಕಣ್ಣಿನಿಂದಲೇ ಹಿಂಬಾಲಿಸಬಹುದು. ಅಲಂಕಾರಕ್ಕೆಂದು ಒಂದು ಗೆರೆಯೂ ಇಲ್ಲದ ಈ ಜಾಗವೇ ಇಡೀ ಸಂಕೀರ್ಣದ ಅತಿ ಚೆಲುವಾದ ಭಾಗ.

ಆ ಚೆಲುವನ್ನು ಬೇಗನೆ ಗುರುತಿಸಿದವರಲ್ಲಿ ಮುಂದೆ ಚಂಡೀಗಢದ ನಕ್ಷೆ ರೂಪಿಸಿದ ಲ ಕಾರ್ಬ್ಯೂಸಿಯೇ ಒಬ್ಬರು. ಹೊಸ ವಾಸ್ತುಶಿಲ್ಪದ ಪರವಾಗಿ ಅವರು 1923ರಲ್ಲಿ ಪ್ರಕಟಿಸಿದ ಪುಸ್ತಕದ ಕೊನೆಯ ಭಾಗದಲ್ಲಿ ಲಿಂಗೊಟ್ಟೊದ ತಾರಸಿಯ ಚಿತ್ರಗಳಿವೆ. 1934ರಲ್ಲಿ ಅವರೇ ಬಂದು ಫಿಯಟ್ ಕಾರೊಂದರಲ್ಲಿ ಆ ಹಾದಿ ಸುತ್ತಿದರು. ಅಮೆರಿಕದ ಕಾರ್ಖಾನೆ ಕಟ್ಟಡಗಳಿಗೂ ಯುರೋಪಿನ ಆಧುನಿಕ ವಾಸ್ತುಶಿಲ್ಪಕ್ಕೂ ಇರುವ ನಂಟನ್ನು ಹುಡುಕಿದ ಇತಿಹಾಸಕಾರ ರೇನರ್ ಬ್ಯಾನಮ್ ಕೂಡ 1986ರ ತಮ್ಮ ಪುಸ್ತಕದಲ್ಲಿ ಈ ಕಟ್ಟಡಕ್ಕೆ ದೊಡ್ಡ ಜಾಗ ಕೊಟ್ಟರು. ಎಂಜಿನಿಯರೊಬ್ಬರು ಕೆಲಸದ ಅನುಕೂಲಕ್ಕೆಂದು ಕಟ್ಟಿದ್ದನ್ನು ವಾಸ್ತುಶಿಲ್ಪಿಗಳು ಇಷ್ಟು ಆಸೆಯಿಂದ ನೋಡಿದ ಸಂದರ್ಭಗಳು ಹೆಚ್ಚಿಲ್ಲ.

ಒಳಗೆ ದುಡಿದವರ ಕಣ್ಣಿಗೆ ಅದು ಬೇರೆಯಾಗಿಯೇ ಕಂಡಿತು. ಲಿಂಗೊಟ್ಟೊ ಇನ್ನೂ ಏಳುತ್ತಿರುವಾಗಲೇ, 1919 ಮತ್ತು 1920ರಲ್ಲಿ, ಟ್ಯೂರಿನ್ ಇಟಲಿಯ ಕಾರ್ಮಿಕ ಚಳವಳಿಯ ನೆಲೆಯಾಗಿತ್ತು. ಆಂಟೋನಿಯೊ ಗ್ರಾಂಶಿ ಮತ್ತು ಗೆಳೆಯರು ‘ಲೋರ್ದಿನೆ ನೂವೊ’ ಪತ್ರಿಕೆ ನಡೆಸುತ್ತಾ, ಕಾರ್ಖಾನೆಯನ್ನು ಕಾರ್ಮಿಕರ ಮಂಡಳಿಗಳೇ ನಡೆಸಬಲ್ಲವು ಎಂದು ವಾದಿಸುತ್ತಿದ್ದರು. 1920ರ ಸೆಪ್ಟೆಂಬರಿನಲ್ಲಿ ಕಾರ್ಮಿಕರು ಫಿಯಟ್ ಸೇರಿದಂತೆ ನಗರದ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡು ಕೆಲವು ವಾರ ತಾವೇ ನಡೆಸಿದರು. ಆ ಹೋರಾಟ ಸೋತಿತು. ಎರಡು ವರ್ಷದಲ್ಲಿ ಮುಸೊಲಿನಿ ಅಧಿಕಾರಕ್ಕೆ ಬಂದರು. ಲಿಂಗೊಟ್ಟೊ ಪೂರ್ಣ ಪ್ರಮಾಣದಲ್ಲಿ ಕೆಲಸ ಶುರುಮಾಡಿದ್ದು ಮುಷ್ಕರದ ಹಕ್ಕೇ ಇಲ್ಲದಂತಾದ ಆ ಕಾಲದಲ್ಲಿ. ಜೋಡಣೆಯ ಸಾಲಿನಲ್ಲಿ ಒಬ್ಬೊಬ್ಬನಿಗೆ ಒಂದೊಂದೇ ತುಣುಕು ಕೆಲಸ, ಅದಕ್ಕೆ ಇಷ್ಟೇ ಹೊತ್ತು ಎಂಬ ಲೆಕ್ಕ. ಇಡೀ ಕಾರು ಕಟ್ಟಬಲ್ಲ ಕುಶಲಿಗೆ ಅಲ್ಲಿ ಬೆಲೆ ಇರಲಿಲ್ಲ. ಗ್ರಾಂಶಿ ಮುಂದೆ ಸೆರೆಮನೆಯಲ್ಲಿ ಬರೆದ ಟಿಪ್ಪಣಿಗಳಲ್ಲಿ ಫೋರ್ಡ್ ಪದ್ಧತಿ ಮನುಷ್ಯನ ದುಡಿಮೆಯನ್ನೂ ಬದುಕನ್ನೂ ಹೇಗೆ ಬದಲಿಸುತ್ತದೆ ಎಂದು ವಿಚಾರ ಮಾಡಿದರು. ಅದರ ಹಿಂದೆ ಟ್ಯೂರಿನ್ನಿನ ಈ ಅನುಭವವಿದೆ.

ಕಾರುಗಳ ಮಟ್ಟಿಗೆ 1920 ಮತ್ತು 30ರ ದಶಕ ಲಿಂಗೊಟ್ಟೊದ ಒಳ್ಳೆಯ ಕಾಲ. 1925ರಲ್ಲಿ ಬಂದ 509 ಮಾದರಿಯನ್ನು ಮಾರಲು ಫಿಯಟ್ ಕಂತಿನ ಮೇಲೆ ಸಾಲ ಕೊಡುವ ಸಂಸ್ಥೆಯನ್ನೇ ಹುಟ್ಟುಹಾಕಿತು. 1932ರಲ್ಲಿ ಬಲಿಲ್ಲಾ ಬಂತು. 1936ರಲ್ಲಿ ಬಂದದ್ದು ಎಲ್ಲಕ್ಕಿಂತ ಜನಪ್ರಿಯವಾದ 500. ದಾಂತೆ ಜಕೋಸಾ ರೂಪಿಸಿದ, ಬರೀ 569 ಸಿಸಿ ಎಂಜಿನ್ನಿನ ಆ ಪುಟ್ಟ ಕಾರನ್ನು ಜನ ‘ತೊಪೊಲಿನೊ’, ಅಂದರೆ ಪುಟಾಣಿ ಇಲಿ ಎಂದು ಕರೆದರು. ಇದೇ ಕಂಪನಿಯ 1100 ಮಾದರಿ ಮುಂದೆ ಮುಂಬಯಿಯಲ್ಲಿ ತಯಾರಾಗಿ, ಪ್ರೀಮಿಯರ್ ಪದ್ಮಿನಿ ಎಂಬ ಹೆಸರಿನಲ್ಲಿ ನಮ್ಮ ರಸ್ತೆಗಳಲ್ಲಿ ದಶಕಗಟ್ಟಲೆ ಓಡಿತು. ಹೆಸರು ಬದಲಾದ ಮೇಲೂ ನಮ್ಮವರ ಬಾಯಲ್ಲಿ ಅದು ‘ಫಿಯಟ್ ಕಾರೇ’.

ಆದರೆ ಮಹಡಿ ಹತ್ತಿ ಕಾರು ಕಟ್ಟುವ ಪದ್ಧತಿ ಅಷ್ಟರಲ್ಲಾಗಲೇ ಹಳತಾಗಿತ್ತು. ಲಿಂಗೊಟ್ಟೊ ಇನ್ನೂ ಪೂರ್ತಿಯಾಗುವ ಮೊದಲೇ ಫೋರ್ಡ್ ಹೈಲ್ಯಾಂಡ್ ಪಾರ್ಕನ್ನು ಬಿಟ್ಟು ರಿವರ್ ರೂಜ್ ಎಂಬಲ್ಲಿ ನೆಲಮಟ್ಟದಲ್ಲೇ ಹರಡಿಕೊಂಡ ಕಾರ್ಖಾನೆಯತ್ತ ಹೊರಟಿದ್ದರು. ಚಲಿಸುವ ಜೋಡಣಾ ಸಾಲಿಗೆ ಬೇಕಾದದ್ದು ಎತ್ತರವಲ್ಲ, ಉದ್ದ. ಪ್ರತಿ ಮಹಡಿಯಲ್ಲೂ ಸಾಲು ತುಂಡಾಗುತ್ತದೆ. ಲಿಫ್ಟಿನ ಬಾಗಿಲಲ್ಲಿ ಕೆಲಸ ಕಾಯುತ್ತದೆ. ಆರು ಮೀಟರಿಗೊಂದು ಕಂಬವಿದ್ದರೆ ದೊಡ್ಡ ಯಂತ್ರವನ್ನು ತಿರುಗಿಸಿ ಕೂರಿಸಲು ಜಾಗವಿಲ್ಲ. ಫಿಯಟ್ ಕೂಡ ಇದನ್ನು ಒಪ್ಪಿಕೊಂಡು, ನಗರದ ಇನ್ನೂ ದಕ್ಷಿಣಕ್ಕೆ ಮಿರಾಫಿಯೊರಿ ಎಂಬಲ್ಲಿ ಸುಮಾರು 22,000 ಜನ ದುಡಿಯಬಹುದಾದ, ನೆಲಮಟ್ಟದ ಹೊಸ ಕಾರ್ಖಾನೆ ಕಟ್ಟಿತು. 1939ರ ಮೇ 15ರಂದು ಮುಸೊಲಿನಿ ಅದನ್ನು ಉದ್ಘಾಟಿಸಿದಾಗ ಅಲ್ಲಿ ನೆರೆದಿದ್ದ ಕಾರ್ಮಿಕರು ಜೈಕಾರ ಹಾಕದೆ ತಣ್ಣಗೆ ನಿಂತಿದ್ದರು ಎಂಬುದು ಪ್ರಸಿದ್ಧ. ಅಲ್ಲಿಂದ ಮುಂದೆ ಲಿಂಗೊಟ್ಟೊ ಎರಡನೆಯ ಸ್ಥಾನಕ್ಕೆ ಇಳಿಯಿತು. ಇಡೀ ಜಗತ್ತು ಭವಿಷ್ಯದ ಕಾರ್ಖಾನೆ ಎಂದು ಮೆಚ್ಚಿದ ಕಟ್ಟಡ ಹದಿನಾರೇ ವರ್ಷಗಳಲ್ಲಿ ಹಿಂದೆ ಬಿದ್ದಿತ್ತು.

ಎರಡನೆಯ ಮಹಾಯುದ್ಧದ ಬಾಂಬ್ ದಾಳಿಗಳಲ್ಲಿ ಏಟು ತಿಂದರೂ ಕಟ್ಟಡ ನಿಂತಿತು. ದುರಸ್ತಿಯಾಗಿ ಮತ್ತೆ ಕೆಲಸ ನಡೆಯಿತು. ಯುದ್ಧಾನಂತರದ ಎರಡು ದಶಕಗಳಲ್ಲಿ ಟ್ಯೂರಿನ್ನಿನ ಜನಸಂಖ್ಯೆ 1951ರ ಸುಮಾರು 7 ಲಕ್ಷದಿಂದ 1971ರ ಹೊತ್ತಿಗೆ 11 ಲಕ್ಷ ದಾಟಿತು. ಬಂದವರಲ್ಲಿ ಬಹುಪಾಲು ಇಟಲಿಯ ಬಡ ದಕ್ಷಿಣ ಪ್ರಾಂತ್ಯಗಳ ರೈತರ ಮಕ್ಕಳು. ದಕ್ಷಿಣದವರಿಗೆ ಮನೆ ಬಾಡಿಗೆಗಿಲ್ಲ ಎಂಬ ಬೋರ್ಡುಗಳು ನಗರದಲ್ಲಿ ತೂಗುತ್ತಿದ್ದ ಕಾಲ ಅದು. ನಗರದ ಕಾರ್ಖಾನೆಗಳನ್ನು ನಡೆಸಿದ್ದು ಅವರ ಕೈಗಳು. 1969ರಲ್ಲಿ ‘ದಿ ಇಟಾಲಿಯನ್ ಜಾಬ್’ ಎಂಬ ಬ್ರಿಟಿಷ್ ಚಿತ್ರದಲ್ಲಿ ಮಿನಿ ಕಾರುಗಳು ಲಿಂಗೊಟ್ಟೊದ ತಾರಸಿಯಲ್ಲಿ ಓಡಿದವು. ಅಷ್ಟರಲ್ಲಿ ಆ ಹಾದಿ ನಿಜವಾದ ಪರೀಕ್ಷೆಗೆ ಸಾಲುವಂಥದ್ದಾಗಿ ಉಳಿದಿರಲಿಲ್ಲ. ಕಾರುಗಳ ವೇಗ ಅದನ್ನು ಮೀರಿ ಹೋಗಿತ್ತು.

1970ರ ದಶಕದ ತೈಲ ಬಿಕ್ಕಟ್ಟು ಫಿಯಟ್ಟನ್ನೂ ಹಿಂಡಿತು. 1980ರ ಸೆಪ್ಟೆಂಬರಿನಲ್ಲಿ ಕಂಪನಿ 14,469 ಜನರನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿದಾಗ ಕಾರ್ಮಿಕರು 35 ದಿನ ಗೇಟುಗಳ ಮುಂದೆ ಕೂತರು. ಅಕ್ಟೋಬರ್ 14ರಂದು ಮೇಸ್ತ್ರಿಗಳು, ಗುಮಾಸ್ತರು, ಮೇಲ್ವಿಚಾರಕರು ಸೇರಿದಂತೆ ಸಾವಿರಾರು ಜನ, ಕೆಲಸಕ್ಕೆ ಹೋಗಲು ಬಿಡಿ ಎಂದು ನಗರದಲ್ಲಿ ಮೆರವಣಿಗೆ ಹೊರಟರು. ನಲವತ್ತು ಸಾವಿರದ ಮೆರವಣಿಗೆ ಎಂದೇ ಅದು ಇತಿಹಾಸದಲ್ಲಿ ಉಳಿದಿದೆ. ಮುಷ್ಕರ ಮುರಿಯಿತು. 23,000 ಜನರನ್ನು, ಸರ್ಕಾರದ ನೆರವಿನ ಅರೆಸಂಬಳ ಕೊಟ್ಟು ಮನೆಗೆ ಕಳಿಸಲಾಯಿತು; ಅವರಲ್ಲಿ ಅನೇಕರು ಮತ್ತೆ ಬರಲಿಲ್ಲ. ಎರಡು ವರ್ಷದ ನಂತರ ಲಿಂಗೊಟ್ಟೊ ಮುಚ್ಚಿತು. ಅಲ್ಲಿ ಕೊನೆಗೆ ತಯಾರಾದದ್ದು ಲಾನ್ಚಿಯಾ ಡೆಲ್ಟಾ.

ಲಿಂಗೊಟ್ಟೊವನ್ನು ಕೆಡವುವುದು ಸುಲಭದ ದಾರಿಯಾಗಿತ್ತು. ಆದರೆ ಒಂದು ನಗರ ತಾನು ಏನಾಗಿತ್ತು ಎಂಬುದಕ್ಕೆ ಇದ್ದ ಅತಿ ದೊಡ್ಡ ಸಾಕ್ಷಿ ಅದು. 1983ರಲ್ಲಿ ಫಿಯಟ್ ಬೇರೆ ಬೇರೆ ದೇಶಗಳ 20 ವಾಸ್ತುಶಿಲ್ಪಿಗಳನ್ನು ಕರೆದು, ಈ ಕಟ್ಟಡವನ್ನು ಏನು ಮಾಡಬಹುದು ಎಂದು ಕೇಳಿತು. ಅವರ 20 ಯೋಜನೆಗಳನ್ನು ಮರುವರ್ಷ ಸಾರ್ವಜನಿಕರ ಮುಂದಿಡಲಾಯಿತು. 1985ರಲ್ಲಿ ಕೆಲಸ ವಹಿಸಿದ್ದು ಜಿನೋವಾದ ರೆಂಜೊ ಪಿಯಾನೊ ಅವರಿಗೆ. ಪ್ಯಾರಿಸ್ಸಿನ ಪೊಂಪಿದು ಕೇಂದ್ರವನ್ನು ರಿಚರ್ಡ್ ರೋಜರ್ಸ್ ಜೊತೆ ಕಟ್ಟಿ ಹೆಸರು ಮಾಡಿದ್ದವರು ಅವರು. ಪಿಯಾನೊ ಇಡೀ ಕಟ್ಟಡವನ್ನು ಯಾವುದೋ ಒಂದೇ ಸಂಸ್ಥೆಗೆ ಒಪ್ಪಿಸಲಿಲ್ಲ, ಕಾರ್ಖಾನೆಯ ವಸ್ತುಸಂಗ್ರಹಾಲಯವನ್ನಾಗಿಯೂ ಮಾಡಲಿಲ್ಲ. ಒಂದು ಸಣ್ಣ ಪಟ್ಟಣದಲ್ಲಿ ಇರುವಂತೆ ಹತ್ತಾರು ಬಗೆಯ ಕೆಲಸಗಳನ್ನು ಒಂದೇ ಸೂರಿನಡಿ ತಂದರು, ಅದನ್ನೂ ಒಮ್ಮೆಲೇ ಅಲ್ಲ, ಹದಿನೈದಕ್ಕೂ ಹೆಚ್ಚು ವರ್ಷಗಳಲ್ಲಿ, ಹಂತಹಂತವಾಗಿ. ಯೋಜನೆಯ ಜಾಣತನ ಇಲ್ಲೇ ಇದೆ. ಹೊರಗಿನ ಗೋಡೆಗೆ ಕೈ ಹಚ್ಚಲಿಲ್ಲ. ಕಾರು ಕಟ್ಟಲು ಅಡ್ಡಿಯಾಗಿದ್ದ ಆರು ಮೀಟರಿನ ಕಂಬದ ಲೆಕ್ಕ ಈಗ ವರವಾಯಿತು: ಹೋಟೆಲಿನ ಕೋಣೆಗೂ ಅಂಗಡಿಗೂ ತರಗತಿಗೂ ಆ ಅಳತೆ ಸರಿಹೊಂದಿತು.

ಮೊದಲು ತೆರೆದದ್ದು ಮೇಳಗಳ ಸಭಾಂಗಣ, 1992ರಲ್ಲಿ. ಟ್ಯೂರಿನ್ನಿನ ಅಂತಾರಾಷ್ಟ್ರೀಯ ಪುಸ್ತಕ ಮೇಳ ಅದೇ ವರ್ಷ ಅಲ್ಲಿಗೆ ಬಂತು, ಇಂದಿಗೂ ಅಲ್ಲೇ ನಡೆಯುತ್ತದೆ. 2010ರಲ್ಲಿ ಅದರ ಅತಿಥಿ ರಾಷ್ಟ್ರ ಭಾರತ. 1994ರಲ್ಲಿ ಸಂಗೀತ ಸಭಾಂಗಣ ಸಿದ್ಧವಾಯಿತು. ಕಾರ್ಖಾನೆಯ ಹಜಾರಗಳು ವಾದ್ಯಗೋಷ್ಠಿಗೆ ಬೇಕಾದಷ್ಟು ಎತ್ತರವಿಲ್ಲ, ನಡುವೆ ಕಂಬಗಳ ಅಡ್ಡಿ ಬೇರೆ. ಹಾಗಾಗಿ ಪಿಯಾನೊ ಅಂಗಳವೊಂದರ ನೆಲವನ್ನು ಆಳಕ್ಕೆ ಅಗೆಸಿ, ಸುಮಾರು 2,000 ಜನ ಕೂರುವ ಸಭಾಂಗಣವನ್ನು ಭೂಮಿಯೊಳಗೆ ಇಳಿಸಿದರು. ಗೋಡೆಗಳಿಗೆ ಚೆರ್ರಿ ಮರದ ಹೊದಿಕೆ ಹಾಕಿಸಿದರು. ಕ್ಲಾಡಿಯೊ ಅಬ್ಬಾಡೊ ನಿರ್ದೇಶನದಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್ ತಂಡ ಮಾಲರ್‌ನ ಒಂಬತ್ತನೆಯ ಸಿಂಫನಿ ನುಡಿಸಿ ಅದನ್ನು ಉದ್ಘಾಟಿಸಿತು. ಮರುವರ್ಷ ಹೋಟೆಲು ತೆರೆಯಿತು. ಕಾರ್ಖಾನೆಯ ಎತ್ತರದ ಕಿಟಕಿಗಳೇ ಅದರ ಕೋಣೆಗಳ ಕಿಟಕಿಗಳಾದವು, ಇನ್ನೊಂದು ಅಂಗಳದಲ್ಲಿ ಹಸಿರು ತೋಟ ಬೆಳೆಯಿತು. ತಾರಸಿಯ ಮೇಲೆ ನೀಲಿ ಛಾಯೆಯ ಗಾಜಿನ ಗೋಳವೊಂದು ಬಂತು, ಒಳಗೆ ಸಭೆ ನಡೆಸುವ ಕೋಣೆ, ಪಕ್ಕದಲ್ಲಿ ಹೆಲಿಕಾಪ್ಟರ್ ಇಳಿಯುವ ತಾಣ. 1997ರಲ್ಲಿ ಫಿಯಟ್ಟಿನ ಮುಖ್ಯ ಕಚೇರಿಯೂ ಸಂಕೀರ್ಣದ ಹಳೆಯ ಆಡಳಿತ ಕಟ್ಟಡಕ್ಕೆ ಮರಳಿತು. ಅಂಗಡಿ ಸಾಲು, ಸಿನಿಮಾ ಮಂದಿರ, ಟ್ಯೂರಿನ್ ಪಾಲಿಟೆಕ್ನಿಕ್ಕಿನ ವಾಹನ ಎಂಜಿನಿಯರಿಂಗ್ ತರಗತಿಗಳು ಒಂದರ ಹಿಂದೆ ಒಂದರಂತೆ ಬಂದವು.

ಕೊನೆಗೆ ಬಂದದ್ದು 2002ರಲ್ಲಿ ತೆರೆದ ಚಿತ್ರಶಾಲೆ. ಸ್ಥಾಪಕರ ಮೊಮ್ಮಗ, ಅದೇ ಹೆಸರಿನ ಜೊವಾನಿ ಆನ್ಯೆಲ್ಲಿ ಮತ್ತು ಪತ್ನಿ ಮರೆಲ್ಲಾ ತಮ್ಮ ಸಂಗ್ರಹದಿಂದ ಕೊಟ್ಟ ಕೃತಿಗಳು ಅಲ್ಲಿವೆ: ಕಾನಲೆತ್ತೊ, ರೆನ್ವಾರ್, ಮತೀಸ್, ಪಿಕಾಸೊ ಅವರ ಚಿತ್ರಗಳು, ಕನೋವಾನ ಗಾರೆಯ ಶಿಲ್ಪಗಳು. ಇವನ್ನಿಟ್ಟಿರುವ ಉಕ್ಕಿನ ಪೆಟ್ಟಿಗೆಯಂಥ ಕೋಣೆ ಓಟದ ಹಾದಿಯ ಮೇಲೆ ಕಾಲುಗಳ ಮೇಲೆ ನಿಂತಿದೆ. 2003ರ ಜನವರಿಯಲ್ಲಿ ಆ ಮೊಮ್ಮಗ ತೀರಿಕೊಂಡಾಗ ಶವವನ್ನು ಅಂತಿಮ ದರ್ಶನಕ್ಕೆ ಇಟ್ಟದ್ದು ಅಲ್ಲಿಯೇ. ಸಾವಿರಾರು ಜನ, ಅವರಲ್ಲಿ ಹಳೆಯ ಕಾರ್ಮಿಕರೂ ಇದ್ದರು, ಕಾರುಗಳಿಗೆಂದು ಕಟ್ಟಿದ್ದ ದಾರಿಯಲ್ಲಿ ನಡೆದು ಮೇಲೆ ಬಂದರು.

ಈ ರೂಪಾಂತರಕ್ಕೆ ಟೀಕೆಯೂ ಉಂಟು. ಅಂಗಡಿ ಸಾಲಿನೊಳಗೆ ನಡೆಯುವವರಿಗೆ ಇದು ಯುರೋಪಿನ ಯಾವ ನಗರದ ಮಾಲ್ ಆದರೂ ಆಗಬಹುದಿತ್ತು ಎನಿಸುತ್ತದೆ. ಆರು ದಶಕ ಅಲ್ಲಿ ಪಾಳಿ ಮೇಲೆ ಪಾಳಿ ದುಡಿದವರ ಬದುಕನ್ನು ಹೇಳುವ ಜಾಗ, ಮಾಲೀಕರ ಚಿತ್ರಸಂಗ್ರಹಕ್ಕೆ ಸಿಕ್ಕಷ್ಟು ಎತ್ತರದಲ್ಲಿ, ಎಲ್ಲೂ ಸಿಕ್ಕಲಿಲ್ಲ. ಈ ಟೀಕೆ ನ್ಯಾಯವಾದದ್ದು. ಕಟ್ಟಡ ಉಳಿಸಿದ ಮಾತ್ರಕ್ಕೆ ಕೆಲಸದ ಇತಿಹಾಸ ತಾನಾಗಿ ಉಳಿಯುವುದಿಲ್ಲ. ಅದಕ್ಕೆ ಬೇರೆಯೇ ಪ್ರಯತ್ನ ಬೇಕು. ಹಾಗೆಂದು ಪಿಯಾನೊ ಮಾಡಿದ್ದು ಸಣ್ಣದಲ್ಲ. ಗೋಡೆ, ಸುರುಳಿ ದಾರಿ, ತಾರಸಿಯ ಹಾದಿ ಮೂರೂ ಉಳಿದಿರುವುದರಿಂದಲೇ ಈ ಪ್ರಶ್ನೆಯನ್ನು ಇವತ್ತು ಅಲ್ಲಿ ನಿಂತು ಕೇಳಲು ಸಾಧ್ಯವಾಗಿದೆ.

ಲಿಂಗೊಟ್ಟೊ ಬದುಕಿದ್ದರಿಂದ ಸುತ್ತಲಿನ ಬಡಾವಣೆಯೂ ಬದಲಾಯಿತು, ಎಲ್ಲವೂ ಸಮನಾಗಿ ಅಲ್ಲ. 2006ರ ಚಳಿಗಾಲದ ಒಲಿಂಪಿಕ್ಸಿಗಾಗಿ ಪಕ್ಕದಲ್ಲಿ ಕಟ್ಟಿದ ಓವಲ್ ಕ್ರೀಡಾಂಗಣದಲ್ಲಿ ಸ್ಪೀಡ್ ಸ್ಕೇಟಿಂಗ್ ನಡೆಯಿತು. ಈಗ ಅದು ಮೇಳಗಳ ಜಾಗ. ರೈಲು ಹಳಿಗಳಾಚೆ 1930ರ ದಶಕದ ಹಳೆಯ ಸಗಟು ಮಾರುಕಟ್ಟೆಯ ಆವರಣದಲ್ಲಿ ಕ್ರೀಡಾಪಟುಗಳ ವಸತಿ ಎದ್ದಿತು. ಕೆಂಪು ಕಮಾನಿಗೆ ತೂಗುಹಾಕಿದ ಕಾಲುಸೇತುವೆ ಅದನ್ನು ಲಿಂಗೊಟ್ಟೊಗೆ ಜೋಡಿಸಿತು. ಕ್ರೀಡಾಕೂಟ ಮುಗಿದ ಮೇಲೆ ಆ ಮನೆಗಳಲ್ಲಿ ಹಲವು ಖಾಲಿ ಬಿದ್ದವು. 2013ರಲ್ಲಿ ಆಫ್ರಿಕದಿಂದ ಬಂದ ನಿರಾಶ್ರಿತರು ಅವುಗಳಲ್ಲಿ ನೆಲೆಸಿದರು. ಒಂದು ಹಂತದಲ್ಲಿ ಸಾವಿರಕ್ಕೂ ಹೆಚ್ಚು ಜನ ಅಲ್ಲಿದ್ದರು. 2019ರ ಹೊತ್ತಿಗೆ ಅವರನ್ನು ಪೂರ್ತಿ ತೆರವು ಮಾಡಿಸಲಾಯಿತು. ಹತ್ತಾರು ಬಗೆಯ ಬಳಕೆಯಿಂದ ಲಿಂಗೊಟ್ಟೊ ತುಂಬಿಕೊಂಡಿದ್ದಾಗ, ಎರಡು ವಾರದ ಒಂದೇ ಉದ್ದೇಶಕ್ಕೆ ಕಟ್ಟಿದ ವಸತಿ ಕೂಗಳತೆಯ ದೂರದಲ್ಲಿ ಹೀಗೆ ಸೊರಗಿತು.

2007ರಲ್ಲಿ, ಲಿಂಗೊಟ್ಟೊದ ಎದುರಿಗೇ ಇದ್ದ ಕಾರ್ಪಾನೊ ಕಂಪನಿಯ ಹಳೆಯ ವರ್ಮೂತ್ ಮದ್ಯದ ಕಾರ್ಖಾನೆಯಲ್ಲಿ ಈಟಲಿ ಎಂಬ ಆಹಾರ ಮಳಿಗೆ ತೆರೆಯಿತು. ಮುಂದೆ ಜಗತ್ತಿನ ಅನೇಕ ನಗರಗಳಿಗೆ ಹರಡಿದ ಆ ಸಂಸ್ಥೆಯ ಮೊದಲ ಅಂಗಡಿ ಅದೇ. 2011ರಲ್ಲಿ ಮೆಟ್ರೊ ಲಿಂಗೊಟ್ಟೊವರೆಗೆ ಬಂತು. 2021ರ ಸೆಪ್ಟೆಂಬರಿನಲ್ಲಿ ತಾರಸಿಯ ಓಟದ ಹಾದಿಯ ಉದ್ದಕ್ಕೂ ಸುಮಾರು 300 ಜಾತಿಯ 40,000 ಗಿಡಗಳ ತೋಟ ತೆರೆಯಿತು. ಹಾದಿಯನ್ನು ಅಳಿಸದೆ ಅದರ ನಡುನಡುವೆ ಪಾತಿಗಳನ್ನು ಮಾಡಿದ್ದಾರೆ. ವಿದ್ಯುತ್ ಕಾರುಗಳು ಅಲ್ಲಿ ನಿಧಾನವಾಗಿ ಓಡಲು ಅವಕಾಶವಿದೆ, ಉಳಿದಂತೆ ನಡೆಯುವವರದೇ ರಾಜ್ಯ. ಮರುವರ್ಷ ಹತ್ತಿರದ ಹಳೆಯ ಫಿಯಟ್ ವಿಮಾನ ವಿಭಾಗದ ಜಮೀನಿನಲ್ಲಿ ಪಿಯೆಮಾಂಟ್ ಪ್ರಾಂತ್ಯ ಸರ್ಕಾರದ 209 ಮೀಟರ್ ಎತ್ತರದ ಹೊಸ ಕಚೇರಿ ಗೋಪುರದ ಉದ್ಘಾಟನೆ ಆಯಿತು. ಒಂದು ಕಾಲಕ್ಕೆ ಫಿಯಟ್ಟಿನ ಕಾರ್ಖಾನೆಗಳೇ ತುಂಬಿದ್ದ ಆ ನೆಲದಲ್ಲಿ ಈಗ ಪ್ರಾಂತ್ಯದ ಆಡಳಿತ ನಡೆಯುತ್ತಿದೆ.